ಇನ್ನೊಂದು ಡಿಬಿಟಿ: ಮನಸ್ಸು ಉಕ್ಕಿದಾಗ ಹಿಡಿಯುವ ವಿದ್ಯೆ

ಪಕ್ಕದ ಮನೆ ಆಂಟಿ ಒಂದು ಸಂಜೆ ಡಾಕ್ಟರ ಚೀಟಿ ಹಿಡಿದುಕೊಂಡು ಬಂದರು. ಮಗಳನ್ನು ಮನೋವೈದ್ಯರಿಗೆ ತೋರಿಸಿಕೊಂಡು ಬಂದಿದ್ದರು. ಚೀಟಿಯ ಕೊನೆಯಲ್ಲಿ ಮೂರೇ ಅಕ್ಷರ: ಡಿಬಿಟಿ. "ಇದು ಗೃಹಲಕ್ಷ್ಮಿ ದುಡ್ಡು ಬರೋದಲ್ವಾ? ಡಾಕ್ಟ್ರು ಯಾಕೆ ಬರೆದ್ರು?" ಅಂತ ಕೇಳಿದರು.

ಅವರ ತಪ್ಪೇನಿಲ್ಲ. ಕರ್ನಾಟಕದಲ್ಲಿ ಡಿಬಿಟಿ ಅಂದರೆ ನೇರ ನಗದು ವರ್ಗಾವಣೆ. ದುಡ್ಡು ಬಂತಾ ಇಲ್ವಾ ನೋಡಲು ಅದೇ ಹೆಸರಿನ ಆಪ್ ಕೂಡ ಇದೆ. ಡಾಕ್ಟರು ಬರೆದದ್ದು ಬೇರೆ ಡಿಬಿಟಿ, ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ. ಇದರಲ್ಲಿ ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ. ಮಾತು ಇದೆ, ಪಾಠ ಇದೆ, ಹೋಮ್‌ವರ್ಕ್ ಕೂಡ ಇದೆ. ಭಾವನೆಗಳು ಉಕ್ಕಿ ಬಂದು ಬದುಕನ್ನೇ ಅಲ್ಲಾಡಿಸುವವರಿಗಾಗಿ ಕಟ್ಟಿದ ಚಿಕಿತ್ಸೆ ಇದು. ಆಂಟಿಗೆ ಆವತ್ತು ಹೇಳಿದ್ದನ್ನೇ ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಹೆಸರಿನೊಳಗೆ ಏನಿದೆ

ಥೆರಪಿ ಅಂದರೆ ಚಿಕಿತ್ಸೆ. ಬಿಹೇವಿಯರ್ ಅಂದರೆ ನಡವಳಿಕೆ. ಇವೆರಡು ಸುಲಭ. ಗಂಟಲಲ್ಲಿ ಸಿಕ್ಕಿಕೊಳ್ಳುವುದು ಡಯಲೆಕ್ಟಿಕಲ್.

ಇದು ತತ್ವಶಾಸ್ತ್ರದಿಂದ ಬಂದ ಪದ. ಒಂದಕ್ಕೊಂದು ವಿರುದ್ಧವಾಗಿ ಕಾಣುವ ಎರಡು ಮಾತುಗಳನ್ನು ಎದುರುಬದುರು ಇಟ್ಟು, ಎರಡರಲ್ಲೂ ಇರುವ ನಿಜವನ್ನು ಹಿಡಿದು ಮುಂದಕ್ಕೆ ಹೋಗುವುದು ಅಂತ ಅರ್ಥ. ಕೇಳಲು ಭಾರ. ಆದರೆ ಕನ್ನಡದಲ್ಲಿ ಇದಕ್ಕೆ ಒಂದು ಪುಟ್ಟ ಪ್ರತ್ಯಯವೇ ಇದೆ: 'ಊ'. "ಅದೂ ನಿಜ, ಇದೂ ನಿಜ" ಎನ್ನುತ್ತೇವಲ್ಲ, ಅದರ 'ಊ'.

ನಾವು ಸಾಮಾನ್ಯವಾಗಿ ಮಾತಾಡುವುದು 'ಆದರೆ' ಹಾಕಿಕೊಂಡು. "ನಿನಗೆ ಕಷ್ಟ ಇದೆ, ಆದರೆ ನೀನು ಸುಧಾರಿಸಬೇಕು." ಕೇಳಿಸಿಕೊಂಡವರಿಗೆ ಕೊನೆಯ ಅರ್ಧ ಮಾತ್ರ ನಾಟುತ್ತದೆ. ಮೊದಲಿನ ಅರ್ಧವನ್ನು 'ಆದರೆ' ನುಂಗಿಬಿಡುತ್ತದೆ. ಡಿಬಿಟಿ ಅದೇ ವಾಕ್ಯವನ್ನು ಹೀಗೆ ತಿರುಗಿಸುತ್ತದೆ: "ನಿನಗೆ ಕಷ್ಟ ಇರುವುದೂ ನಿಜ, ನೀನು ಬದಲಾಗಬೇಕಾಗಿರುವುದೂ ನಿಜ." ಒಪ್ಪಿಕೊಳ್ಳುವುದು, ಬದಲಾಗುವುದು, ಎರಡೂ ಒಟ್ಟಿಗೆ. ಈ ಚಿಕಿತ್ಸೆಯಲ್ಲಿ ಮುಂದೆ ಬರುವ ಎಲ್ಲವೂ ಈ 'ಊ' ಮೇಲೆಯೇ ನಿಂತಿದೆ.

ತೆಳು ಕಾವಲಿ, ದಪ್ಪ ಕಾವಲಿ

ಯಾರಿಗೆ ಇದು ಬೇಕು? ಮೊದಲು ಇದನ್ನು ರೂಪಿಸಿದ್ದು ಪದೇಪದೇ ಆತ್ಮಹತ್ಯೆಯ ಯೋಚನೆ ಬರುವವರಿಗೆ, ತಮ್ಮ ಮೈಗೆ ತಾವೇ ಗಾಯ ಮಾಡಿಕೊಳ್ಳುವವರಿಗೆ. ಅವರಲ್ಲಿ ಬಹಳ ಜನರಿಗೆ ಇದ್ದದ್ದು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎಂಬ ತೊಂದರೆ. ಹೆಸರು ಕೇಳಿ 'ಅರ್ಧ ಹುಚ್ಚು' ಅಂದುಕೊಳ್ಳುವವರಿದ್ದಾರೆ, ಹಾಗಲ್ಲ. ಇವರಿಗೆ ಭಾವನೆಗಳು ಕ್ಷಣಕ್ಷಣಕ್ಕೂ ಏರಿಳಿಯುತ್ತವೆ. ಯಾರಾದರೂ ಬಿಟ್ಟುಹೋದಾರು ಎಂಬ ಭಯ ಸದಾ ಇರುತ್ತದೆ. ಇವತ್ತು ದೇವರಂತೆ ಕಂಡ ಗೆಳತಿ ನಾಳೆ ವೈರಿಯಂತೆ ಕಾಣುತ್ತಾಳೆ. ಒಳಗೆಲ್ಲ ಖಾಲಿ ಖಾಲಿ ಅನಿಸುತ್ತದೆ.

ಯಾಕೆ ಹೀಗೆ? ಡಿಬಿಟಿ ಕೊಡುವ ಉತ್ತರಕ್ಕೆ ಎರಡು ಕಾಲು. ಒಂದು ಹುಟ್ಟಿನಿಂದ ಬಂದದ್ದು, ಇನ್ನೊಂದು ಬೆಳೆದ ವಾತಾವರಣದಿಂದ ಬಂದದ್ದು.

ಮೊದಲನೆಯದಕ್ಕೆ ದೋಸೆ ಕಾವಲಿ ನೆನಪಿಸಿಕೊಳ್ಳಿ. ತೆಳು ಕಾವಲಿ ಬೇಗ ಕಾಯುತ್ತದೆ, ಬೇಗ ಆರುತ್ತದೆ. ದಪ್ಪ ಕಬ್ಬಿಣದ ಕಾವಲಿ ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಕೆಲವರ ಮನಸ್ಸು ಮಾತ್ರ ವಿಚಿತ್ರ: ತೆಳು ಕಾವಲಿಯಂತೆ ತಟ್ಟನೆ ಕಾಯುತ್ತದೆ, ಕಬ್ಬಿಣದ ಕಾವಲಿಯಂತೆ ಗಂಟೆಗಟ್ಟಲೆ ಆರುವುದೇ ಇಲ್ಲ. ಸಣ್ಣ ಮಾತಿಗೂ ಚುರುಕ್ ಎನ್ನುತ್ತದೆ, ಕಾವು ಬೇರೆಯವರಿಗಿಂತ ಜಾಸ್ತಿ ಏರುತ್ತದೆ. ಹಳೆಯ ಕಾವು ಆರುವ ಮೊದಲೇ ಮುಂದಿನ ಮಾತು ಬಂದು ಬೀಳುತ್ತದೆ. ಇದು ಯಾರೂ ಬೇಕೆಂದು ಆರಿಸಿಕೊಂಡ ಸ್ವಭಾವ ಅಲ್ಲ.

ಎರಡನೆಯದು, ಒಳಗಿನ ಅನುಭವವನ್ನು ಸುತ್ತಲಿನವರು ಸುಳ್ಳು ಮಾಡುತ್ತಾ ಬರುವುದು. "ಇಷ್ಟಕ್ಕೆಲ್ಲ ಅಳ್ತಾರಾ?" "ಸುಮ್ನೆ ನಾಟಕ ಆಡ್ಬೇಡ." "ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?" ಇವು ಯಾವ ಮನೆಯಲ್ಲಿ ಕೇಳಿಲ್ಲ ಹೇಳಿ. ಹೆಚ್ಚಿನ ಮಕ್ಕಳು ಕೇಳಿ ಮರೆಯುತ್ತಾರೆ. ಆದರೆ ಬೇಗ ಕಾಯುವ ಮಗು ಇದರಿಂದ ಎರಡು ಪಾಠ ಕಲಿಯುತ್ತದೆ. ಒಂದು, 'ನನಗೆ ಅನಿಸುವುದು ಸುಳ್ಳು.' ಇನ್ನೊಂದು, 'ಜೋರಾಗಿ ಕೂಗಿದರೆ ಮಾತ್ರ ಯಾರಾದರೂ ತಿರುಗಿ ನೋಡುತ್ತಾರೆ.' ಎರಡೂ ಸೇರಿ ವರ್ಷಗಟ್ಟಲೆ ಸುತ್ತಿದರೆ, ಭಾವನೆಗೆ ಹೆಸರಿಡುವುದನ್ನೂ ಅದನ್ನು ತಗ್ಗಿಸುವುದನ್ನೂ ಕಲಿಯದ ದೊಡ್ಡವರು ತಯಾರಾಗುತ್ತಾರೆ. ಕೆಲವು ಮನೆಗಳಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ ಕೂಡ ಇರುತ್ತದೆ. ಆದರೆ ಇದು ಕೆಟ್ಟ ಅಪ್ಪ ಅಮ್ಮನ ಕಥೆಯೇ ಆಗಬೇಕಿಲ್ಲ. ಮಗುವಿನ ಸ್ವಭಾವಕ್ಕೂ ಮನೆಯ ರೀತಿಗೂ ಹೊಂದಿಕೆ ಆಗದಿದ್ದರೂ ಸಾಕು.

ಇದನ್ನು ಕಟ್ಟಿದವರು

1961ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಊರಿನ ಮಾನಸಿಕ ಆಸ್ಪತ್ರೆಯೊಂದಕ್ಕೆ 17 ವರ್ಷದ ಹುಡುಗಿಯನ್ನು ಸೇರಿಸಿದರು. ಆಸ್ಪತ್ರೆಯ ಹೆಸರು ಇನ್‌ಸ್ಟಿಟ್ಯೂಟ್ ಆಫ್ ಲಿವಿಂಗ್. ಹುಡುಗಿ ತನಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದಳು. ಸ್ಕಿಜೋಫ್ರೇನಿಯಾ ಎಂದು ಬರೆದರು, ಜೋರು ಮಾತ್ರೆ ಕೊಟ್ಟರು, ಕರೆಂಟ್ ಶಾಕ್ ಕೊಟ್ಟರು, ಒಂಟಿ ಕೋಣೆಯಲ್ಲಿ ಇಟ್ಟರು. ಎರಡು ವರ್ಷಕ್ಕೂ ಮೀರಿ ಅಲ್ಲಿದ್ದಳು. ಈ ನರಕದಿಂದ ಹೊರಗೆ ಬಂದರೆ, ಮತ್ತೆ ಒಳಗೆ ಹೋಗಿ ಉಳಿದವರನ್ನೂ ಎಳೆದು ತರುತ್ತೇನೆ ಅಂತ ದೇವರಿಗೆ ಮಾತು ಕೊಟ್ಟಳಂತೆ.

ಆಕೆಯೇ ಮಾರ್ಷಾ ಲೈನ್‌ಹಾನ್. ಹೊರಗೆ ಬಂದು ಕೆಲಸ ಮಾಡಿಕೊಂಡು ಸಂಜೆ ಕಾಲೇಜಿಗೆ ಹೋದರು, 1971ರಲ್ಲಿ ಶಿಕಾಗೋದ ಲೊಯೋಲಾ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಪಡೆದರು. ಆಮೇಲೆ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು. ಬೇರೆ ಚಿಕಿತ್ಸಕರು ಕೈಚೆಲ್ಲಿದ ರೋಗಿಗಳನ್ನೇ ಹುಡುಕಿ ತೆಗೆದುಕೊಂಡರು.

ಮೊದಲು ಅವರೂ ಎಡವಿದರು. ನಡವಳಿಕೆ ಬದಲಿಸುವ ಚಿಕಿತ್ಸೆ ಆಗಲೇ ಚಾಲ್ತಿಯಲ್ಲಿತ್ತು. ಅದನ್ನೇ ಹಿಡಿದು "ಇದನ್ನು ಬದಲಿಸು, ಅದನ್ನು ಬದಲಿಸು" ಎಂದಾಗ ರೋಗಿಗಳು ಸಿಡಿದೆದ್ದರು: ಅಂದರೆ ತಪ್ಪೆಲ್ಲ ನಂದೇ ಅಂತೀರಾ? ಸರಿ, ಬದಲಾವಣೆಯ ಮಾತು ಬಿಟ್ಟು ಬರೀ ಸಮಾಧಾನದಿಂದ ಕೇಳಿಸಿಕೊಂಡರು. ಆಗಲೂ ಸಿಟ್ಟು: ನಾನಿಲ್ಲಿ ಸಾಯ್ತಾ ಇದ್ದೀನಿ, ನೀವು ಸುಮ್ನೆ ತಲೆಯಾಡಿಸ್ತಾ ಕೂತಿದ್ದೀರಲ್ಲ? ಎರಡೂ ದೂರು ನ್ಯಾಯವಾದದ್ದೇ. 'ಊ' ಹುಟ್ಟಿದ್ದು ಇಲ್ಲಿ.

ಒಪ್ಪಿಕೊಳ್ಳುವುದನ್ನು ಹೇಗೆ ಕಲಿಸುವುದು ಎಂದು ಹುಡುಕುತ್ತಾ ಲೈನ್‌ಹಾನ್ ಝೆನ್ ಎಂಬ ಬೌದ್ಧ ಧ್ಯಾನ ಪಂಥದ ಗುರುಗಳ ಬಳಿ ಹೋಗಿ ಕೂತರು. ನಮ್ಮ 'ಧ್ಯಾನ' ಎಂಬ ಪದ ಚೀನಾಕ್ಕೆ ಹೋಗಿ ಛಾನ್ ಆಗಿ, ಜಪಾನಿಗೆ ಹೋಗಿ ಝೆನ್ ಆಯಿತು. ಅದು ಸಿಯಾಟಲ್ ಸುತ್ತಿಕೊಂಡು ಈಗ ಡಾಕ್ಟರ ಚೀಟಿಯಲ್ಲಿ ನಮ್ಮ ಮನೆಗೆ ವಾಪಸ್ ಬಂದಿದೆ, ನೋಡಿ. ಹಾಗಂತ ಡಿಬಿಟಿಯಲ್ಲಿ ಮಂತ್ರ, ಪೂಜೆ, ದೇವರು ಏನೂ ಇಲ್ಲ. ಯಾವ ಧರ್ಮದವರೂ, ಧರ್ಮವೇ ಬೇಡ ಎನ್ನುವವರೂ ಮಾಡಬಹುದು.

1991ರಲ್ಲಿ ಮೊದಲ ಪರೀಕ್ಷೆಯ ಫಲಿತಾಂಶ ಬಂತು, 1993ರಲ್ಲಿ ಚಿಕಿತ್ಸೆಯ ಕೈಪಿಡಿ ಬಂತು. ತಾನೂ ಒಂದು ಕಾಲಕ್ಕೆ ರೋಗಿಯಾಗಿದ್ದೆ ಎಂಬುದನ್ನು ಮಾತ್ರ ಲೈನ್‌ಹಾನ್ ಸಾರ್ವಜನಿಕವಾಗಿ ಹೇಳಿದ್ದು 2011ರಲ್ಲಿ, ಅದೇ ಹಾರ್ಟ್‌ಫರ್ಡ್ ಆಸ್ಪತ್ರೆಯಲ್ಲಿ ನಿಂತು. ಅವರ ಕೈಮೇಲಿನ ಹಳೆಯ ಕಲೆಗಳನ್ನು ನೋಡಿದ ರೋಗಿಯೊಬ್ಬರು, ನೀವೂ ನಮ್ಮವರಾ ಎಂದು ಕೇಳಿದ್ದರಂತೆ. ನೀವು ಹೇಳಿದರೆ ನಮಗೆಲ್ಲ ಎಷ್ಟೋ ಧೈರ್ಯ ಬರುತ್ತದೆ ಎಂದೂ ಸೇರಿಸಿದ್ದರಂತೆ.

ವಾರದಲ್ಲಿ ಏನೇನು ನಡೆಯುತ್ತದೆ

ಪೂರ್ತಿ ಡಿಬಿಟಿಗೆ ನಾಲ್ಕು ಭಾಗ. ವಾರಕ್ಕೊಂದು ಸಲ ಚಿಕಿತ್ಸಕರ ಜೊತೆ ಒಬ್ಬರೇ ಕೂತು ಮಾತು. ವಾರಕ್ಕೊಂದು ಸಲ ಗುಂಪಿನಲ್ಲಿ ಕ್ಲಾಸು, ಸುಮಾರು ಎರಡು, ಎರಡೂವರೆ ಗಂಟೆ. ಕ್ಲಾಸು ಅಂದರೆ ಕ್ಲಾಸೇ: ಬೋರ್ಡು, ಹಾಳೆ, ಹೋಮ್‌ವರ್ಕು. ಎಲ್ಲರೂ ಸುತ್ತ ಕೂತು ತಮ್ಮ ಕಥೆ ಹೇಳಿ ಅಳುವ ಜಾಗ ಅದಲ್ಲ. ಪಾಠಗಳು ಒಂದು ಸುತ್ತು ಮುಗಿಯಲು 24 ವಾರ ಬೇಕು, ಸಾಮಾನ್ಯವಾಗಿ ಎರಡು ಸುತ್ತು ಮಾಡಿಸುತ್ತಾರೆ. ಹಾಗಾಗಿ ಒಂದು ವರ್ಷ ಎನ್ನುವುದು.

ಮೂರನೆಯದು ಫೋನು. ಈಜು ಕಲಿಸುವವರು ದಡದಲ್ಲಿ ನಿಂತು ಪಾಠ ಹೇಳಿ ಮನೆಗೆ ಹೋದರೆ ಆಗುತ್ತಾ? ಮುಳುಗುವ ಹೊತ್ತಿಗೆ "ಕಾಲು ಬಡಿ" ಎನ್ನಲು ಯಾರಾದರೂ ಬೇಕು. ಹಾಗಾಗಿ ಕ್ಲಾಸಿನಲ್ಲಿ ಕಲಿತದ್ದನ್ನು ಆ ಕ್ಷಣದಲ್ಲಿ ಹೇಗೆ ಬಳಸುವುದೆಂದು ಫೋನ್ ಮಾಡಿ ಕೇಳಬಹುದು. ಐದು, ಹತ್ತು ನಿಮಿಷದ ಮಾತು. ಇದರಲ್ಲೊಂದು ನಿಯಮ ಇದೆ, ಮೊದಲ ಸಲ ಕೇಳಿದಾಗ ನನಗೆ ಕಟುಕತನ ಅನಿಸಿತ್ತು: ಗಾಯ ಮಾಡಿಕೊಂಡ ಮೇಲೆ 24 ಗಂಟೆ ಈ ಫೋನು ಇಲ್ಲ. ಜೀವಕ್ಕೆ ಅಪಾಯ ಇದ್ದರೆ ಆ ಮಾತು ಬೇರೆ, ಆಗ ನೋಡಿಯೇ ನೋಡುತ್ತಾರೆ. ಉಳಿದಂತೆ, ಮಾಡಿಕೊಳ್ಳುವ ಮೊದಲು ಫೋನ್ ಮಾಡು ಎನ್ನುತ್ತಾರೆ. ಯಾಕೆಂದರೆ ಗಾಯ ಮಾಡಿಕೊಂಡ ಮೇಲೆಯೇ ಪ್ರೀತಿಯ ಮಾತು ಸಿಗುತ್ತದೆ ಅಂತಾದರೆ, ಗೊತ್ತಿಲ್ಲದೆಯೇ ಮನಸ್ಸು ಆ ದಾರಿ ಹಿಡಿಯುತ್ತದೆ. ತೊಟ್ಟಿಲಲ್ಲಿ ಮಲಗಿದ ಕೂಸು ನಕ್ಕಾಗ ಯಾರೂ ಎತ್ತಿಕೊಳ್ಳದೆ, ಅತ್ತಾಗ ಮಾತ್ರ ಎತ್ತಿಕೊಂಡರೆ ಅದು ಏನು ಕಲಿಯುತ್ತದೆ, ಹಾಗೆ.

ನಾಲ್ಕನೆಯದು ರೋಗಿಗೆ ಕಾಣುವುದಿಲ್ಲ. ಚಿಕಿತ್ಸಕರೇ ವಾರಕ್ಕೊಮ್ಮೆ ಒಟ್ಟಿಗೆ ಕೂರುತ್ತಾರೆ. ಸಾವಿನ ಮಾತು ಕೇಳಿ ಕೇಳಿ ಅವರಿಗೂ ಸುಸ್ತಾಗುತ್ತದೆ, ಭಯವಾಗುತ್ತದೆ, ಕೆಲವೊಮ್ಮೆ ರೋಗಿಯ ಮೇಲೆ ಸಿಟ್ಟೂ ಬರುತ್ತದೆ. ಅದನ್ನು ಇಳಿಸಿಕೊಳ್ಳುವ, ತಪ್ಪು ತಿದ್ದಿಕೊಳ್ಳುವ ಜಾಗ ಅದು.

ಇವೆಲ್ಲಕ್ಕೂ ದಾರ ಒಂದು ಹಾಳೆ, ಡೈರಿ ಕಾರ್ಡ್. ಅಡ್ಡಸಾಲಿನಲ್ಲಿ ವಾರದ ಏಳು ದಿನ. ಉದ್ದಸಾಲಿನಲ್ಲಿ ದುಃಖ ಎಷ್ಟು, ಸಿಟ್ಟು ಎಷ್ಟು, ನಾಚಿಕೆ ಎಷ್ಟು, ಗಾಯ ಮಾಡಿಕೊಳ್ಳುವ ಸೆಳೆತ ಎಷ್ಟು, 0ರಿಂದ 5ರವರೆಗೆ ನಂಬರು. ಕಲಿತ ವಿದ್ಯೆಗಳಲ್ಲಿ ಇವತ್ತು ಯಾವುದನ್ನು ಬಳಸಿದೆ ಎಂಬುದಕ್ಕೆ ಒಂದು ಗುರುತು. ದಿನಾ ರಾತ್ರಿ ಎರಡು ಮೂರು ನಿಮಿಷದ ಕೆಲಸ. ಮುಂದಿನ ವಾರ ಚಿಕಿತ್ಸಕರು ಮೊದಲು ನೋಡುವುದೇ ಇದನ್ನು. ಜೀವಕ್ಕೆ ಅಪಾಯ ತರುವ ಸಂಗತಿ ಇದ್ದರೆ ಅದು ಮೊದಲು. ಆಮೇಲೆ ಚಿಕಿತ್ಸೆಗೇ ಅಡ್ಡ ಬರುವ ಸಂಗತಿ, ಅಂದರೆ ತಪ್ಪಿಸಿಕೊಳ್ಳುವುದು, ತಡವಾಗಿ ಬರುವುದು. ಕೆಲಸ, ಓದು, ಜಗಳ ಎಲ್ಲ ಅದಾದ ಮೇಲೆ.

ಒಂದು ಮಂಗಳವಾರದ ಸರಪಳಿ

ಒಬ್ಬಳನ್ನು ಊಹಿಸಿಕೊಳ್ಳಿ. ಕಾವ್ಯಾ ಅನ್ನೋಣ. ವಯಸ್ಸು 23, ಬೆಂಗಳೂರಿನ ಪಿಜಿಯಲ್ಲಿ ಇದ್ದಾಳೆ. ಮಂಗಳವಾರ ರಾತ್ರಿ ಗಾಯ ಮಾಡಿಕೊಂಡಿದ್ದಾಳೆ. ಶುಕ್ರವಾರ ಚಿಕಿತ್ಸಕರ ಎದುರು ಕೂತಿದ್ದಾಳೆ. "ಯಾಕೆ ಮಾಡ್ಕೊಂಡೆ?" ಅಂತ ಕೇಳಿದರೆ ಅವಳ ಹತ್ತಿರ ಉತ್ತರ ಇಲ್ಲ. "ಗೊತ್ತಿಲ್ಲ, ಇದ್ದಕ್ಕಿದ್ದ ಹಾಗೆ ಆಗೋಯ್ತು."

ಚಿಕಿತ್ಸಕರು ಯಾಕೆ ಎಂದು ಕೇಳುವುದೇ ಇಲ್ಲ. ಸೋರುವ ಪೈಪನ್ನು ಹುಡುಕುವ ಪ್ಲಂಬರ್ ಥರ ಒಂದೊಂದೇ ಜಾಯಿಂಟ್ ಮುಟ್ಟಿ ನೋಡುತ್ತಾರೆ. ಅದಕ್ಕೂ ಮುಂಚೆ ಏನಾಯ್ತು? ಆಮೇಲೆ? ಆಗ ಮೈಯಲ್ಲಿ ಏನನಿಸಿತು? ಆಮೇಲೆ?

ಹೊರಗೆ ಬಂದದ್ದು ಹೀಗೆ. ಸೋಮವಾರ ರಾತ್ರಿ ಮೂರಕ್ಕೆ ಮಲಗಿದ್ದಳು. ಮಧ್ಯಾಹ್ನ ಊಟ ಮಾಡಿರಲಿಲ್ಲ. ಸಂಜೆ ಮ್ಯಾನೇಜರ್ ಎಲ್ಲರ ಎದುರು ಅವಳ ಕೆಲಸದಲ್ಲಿ ಒಂದು ತಪ್ಪು ತೋರಿಸಿದರು. 7.15ಕ್ಕೆ ಗೆಳತಿಗೆ "ಫ್ರೀ ಇದ್ದೀಯಾ?" ಅಂತ ಮೆಸೇಜು. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಎಂಟು ಗಂಟೆಗೆ ಇನ್‌ಸ್ಟಾಗ್ರಾಂ ತೆರೆದರೆ ಅದೇ ಗೆಳತಿ ಬೇರೆಯವರ ಜೊತೆ ಊಟಕ್ಕೆ ಕೂತ ಫೋಟೋ. ತಲೆಯಲ್ಲಿ ಒಂದು ಮಾತು ಬಂತು: 'ನಾನು ಎಲ್ಲರಿಗೂ ಹೊರೆ.' ಎದೆ ಬಿಗಿಯಿತು, ಕಿವಿ ಬಿಸಿಯಾಯಿತು. ಫೋನ್ ಮೇಲೆ ಫೋನ್, 17 ಸಲ. ಕೊನೆಗೆ ಗೆಳತಿ ಎತ್ತಿ, "ಸಾಕು ಕಣೇ, ಸ್ವಲ್ಪ ಉಸಿರಾಡೋಕೆ ಬಿಡು" ಎಂದಳು. ನಾಚಿಕೆ. ಬಾಗಿಲು ಹಾಕಿಕೊಂಡಳು. ಆಮೇಲೆ ಗಾಯ.

ಇಲ್ಲಿಗೇ ನಿಲ್ಲಿಸುವುದಿಲ್ಲ. ಗಾಯ ಆದ ಮೇಲೆ? "ಒಂದೈದು ನಿಮಿಷ ಎಲ್ಲ ಶಾಂತ ಆಯ್ತು." ಮಾರನೇ ದಿನ? "ಅವಳೇ ಓಡಿ ಬಂದು ಸಾರಿ ಕೇಳಿದಳು." ಇವೆರಡನ್ನೂ ಬರೆದುಕೊಳ್ಳುತ್ತಾರೆ. ಮನೆಯವರು ಇದನ್ನು ನಾಟಕ ಎನ್ನುತ್ತಾರೆ. ಆದರೆ ಕಾವ್ಯಾಗೆ ಆ ಹೊತ್ತಿಗೆ ಅದೊಂದೇ ನೋವು ಕಳೆಯುವ ದಾರಿಯಾಗಿ ಕಂಡಿತ್ತು, ಮತ್ತು ಅದು ಕೆಲಸ ಮಾಡಿತು. ಕೆಲಸ ಮಾಡುವುದರಿಂದಲೇ ಬಿಡುವುದು ಕಷ್ಟ.

'ಇದ್ದಕ್ಕಿದ್ದ ಹಾಗೆ' ಆದದ್ದಕ್ಕೆ ಈಗ ಹತ್ತು ಹನ್ನೆರಡು ಕೊಂಡಿ ಸಿಕ್ಕವು. ಎಲ್ಲಿ ಬೇಕಾದರೂ ಕತ್ತರಿ ಹಾಕಬಹುದು. ನಿದ್ದೆ ಮತ್ತು ಊಟದ ಕೊಂಡಿ ಎಲ್ಲಕ್ಕಿಂತ ಸುಲಭ. 'ಹೊರೆ' ಎಂಬ ಯೋಚನೆ ಬಂದಾಗ, ಕಣ್ಣಿಗೆ ಕಂಡದ್ದೇನು, ನಾನು ಸೇರಿಸಿಕೊಂಡದ್ದೇನು ಎಂದು ಬೇರೆ ಮಾಡಬಹುದು. ಕಂಡದ್ದು ಎರಡು ನೀಲಿ ಗೆರೆ ಮತ್ತು ಒಂದು ಫೋಟೋ, ಅಷ್ಟೇ. 17 ಫೋನಿಗೆ ಮೊದಲೇ ಚಿಕಿತ್ಸಕರಿಗೆ ಒಂದು ಫೋನ್ ಮಾಡಬಹುದಿತ್ತು. ಬಾಗಿಲು ಹಾಕಿಕೊಂಡ ಮೇಲೂ ಒಂದು ಉಪಾಯ ಉಳಿದಿತ್ತು, ಅದು ಬಾತ್‌ರೂಮಿನಲ್ಲಿ.

ತಣ್ಣೀರಿನ ಬಕೆಟ್

ಮನಸ್ಸು ಪೂರ್ತಿ ಉಕ್ಕಿದಾಗ ಬುದ್ಧಿಮಾತು ಒಳಗೆ ಇಳಿಯುವುದಿಲ್ಲ. ಆಗ ಮೈಯ ಬಾಗಿಲಿನಿಂದ ಹೋಗಬೇಕು. ಬಕೆಟ್ಟಿನಲ್ಲೋ ದೊಡ್ಡ ಪಾತ್ರೆಯಲ್ಲೋ ತಣ್ಣೀರು ತುಂಬಿ, ಉಸಿರು ಹಿಡಿದು, ಕಣ್ಣು ಮತ್ತು ಕೆನ್ನೆ ಮುಳುಗುವ ಹಾಗೆ 15ರಿಂದ 30 ಸೆಕೆಂಡ್ ಮುಖ ಇಡುವುದು. ಅಥವಾ ಬಟ್ಟೆಯಲ್ಲಿ ಸುತ್ತಿದ ಐಸನ್ನು ಕಣ್ಣಿನ ಕೆಳಗೆ ಒತ್ತಿ, ಬಗ್ಗಿ ಉಸಿರು ಹಿಡಿಯುವುದು.

ಇದು ಹೇಗೆ ಕೆಲಸ ಮಾಡುತ್ತದೆ? ನೀರಿನಲ್ಲಿ ಮುಳುಗಿದಾಗ ಆಮ್ಲಜನಕ ಉಳಿಸಲು ನಮ್ಮ ದೇಹ ಹೃದಯದ ಬಡಿತವನ್ನು ತಾನಾಗಿಯೇ ತಗ್ಗಿಸುತ್ತದೆ. ಸೀಲ್, ತಿಮಿಂಗಿಲಗಳಲ್ಲಿ ಇದು ಜೋರು, ನಮ್ಮಲ್ಲೂ ಇದೆ. ಮುಖಕ್ಕೆ ತಣ್ಣೀರು ತಾಗಿ ಉಸಿರು ನಿಂತರೆ ಮೆದುಳು "ಮುಳುಗಿದೆವು" ಅಂದುಕೊಂಡು ಬಡಿತ ಇಳಿಸುತ್ತದೆ. ಅದರ ಜೊತೆ ಆವೇಗವೂ ಒಂದು ಮೆಟ್ಟಿಲು ಇಳಿಯುತ್ತದೆ. "ಮೊದಲು ಹೋಗಿ ಮುಖಕ್ಕೆ ತಣ್ಣೀರು ಹಾಕ್ಕೊಂಡು ಬಾ" ಎನ್ನುತ್ತಿದ್ದ ಅಜ್ಜಿಗೆ ಸೀಲ್ ಬಗ್ಗೆ ಗೊತ್ತಿರಲಿಲ್ಲ, ಆದರೆ ಮಾತು ಸರಿ ಇತ್ತು. ಒಂದು ಎಚ್ಚರಿಕೆ: ಹೃದಯದ ತೊಂದರೆ ಇರುವವರು, ಬಡಿತ ತಗ್ಗಿಸುವ ಮಾತ್ರೆ ನುಂಗುವವರು, ಊಟ ಬಿಟ್ಟು ತೀರಾ ಸೊರಗಿದವರು ಡಾಕ್ಟರನ್ನು ಕೇಳದೆ ಇದನ್ನು ಮಾಡಬಾರದು.

ಓಡಿ ಸುಸ್ತಾಗುವುದು, ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಉಸಿರು ಬಿಡುವುದು ಕೂಡ ಇದೇ ಗುಂಪಿನವು. ಇವುಗಳಿಂದ ಸಮಸ್ಯೆ ಬಗೆಹರಿಯುವುದಿಲ್ಲ. ಗೆಳತಿ ಉತ್ತರ ಕೊಡುವುದಿಲ್ಲ, ಮ್ಯಾನೇಜರ್ ಬದಲಾಗುವುದಿಲ್ಲ. ಇರುವ ಕಷ್ಟದ ಮೇಲೆ ಇನ್ನೊಂದು ಕಷ್ಟ ಹೇರಿಕೊಳ್ಳದೆ ಆ ಅರ್ಧ ಗಂಟೆ ದಾಟುವುದೇ ಗುರಿ. ಈ ಪಾಠದ ಹೆಸರು ಸಂಕಟ ತಾಳಿಕೊಳ್ಳುವುದು.

ಇದೇ ಪಾಠದಲ್ಲಿ ಇನ್ನೊಂದು ದೊಡ್ಡ ಮಾತಿದೆ, ಪೂರ್ತಿ ಒಪ್ಪಿಕೊಳ್ಳುವುದು. ಮೆಜೆಸ್ಟಿಕ್‌ನಲ್ಲಿ ಊರಿಗೆ ಹೋಗುವ ಕೊನೆಯ ಬಸ್ ತಪ್ಪಿತು ಅಂದುಕೊಳ್ಳಿ. ಬಸ್ ಹೋದದ್ದು ನೋವು. 'ಹೋಗಬಾರದಿತ್ತು, ಹೇಗೆ ಹೋಯ್ತು, ಆಟೋದವನದೇ ತಪ್ಪು' ಎಂದು ಪ್ಲಾಟ್‌ಫಾರಂ ಮೇಲೆ ಒಂದು ಗಂಟೆ ಕುದಿಯುವುದು ಅದರ ಮೇಲಿನ ನರಳಾಟ. ಬಸ್ ಹೋಯಿತು ಎಂದು ಒಪ್ಪಿದವರಿಗೆ ಮಾತ್ರ ಬೆಳಗಿನ ಬಸ್ ಎಷ್ಟು ಹೊತ್ತಿಗೆ ಎಂದು ಕೇಳಲು ಆಗುತ್ತದೆ. ಒಪ್ಪುವುದು ಅಂದರೆ ಸರಿ ಎನ್ನುವುದಲ್ಲ, ಕ್ಷಮಿಸುವುದೂ ಅಲ್ಲ. ಚಿಕ್ಕಂದಿನಲ್ಲಿ ಏಟು ತಿಂದವರಿಗೆ ಇದು ಎಷ್ಟು ಕಷ್ಟ ಎಂದು ಹೇಳಬೇಕಾಗಿಲ್ಲ. ಹಾಗಾಗಿಯೇ ಇದನ್ನು ಒಂದೇ ಸಲ ಮಾಡಿ ಮುಗಿಸಲಾಗುವುದಿಲ್ಲ, ದಿನಕ್ಕೆ ಹತ್ತು ಸಲ ಮಾಡಬೇಕಾಗಬಹುದು ಎನ್ನುತ್ತಾರೆ.

ಉಳಿದ ಮೂರು ಪಾಠ

ಎಲ್ಲಕ್ಕೂ ತಳಪಾಯ ಮೈಂಡ್‌ಫುಲ್‌ನೆಸ್, ಈ ಕ್ಷಣದಲ್ಲಿ ಎಚ್ಚರವಾಗಿರುವುದು. ಕಣ್ಣು ಮುಚ್ಚಿ ಗಂಟೆಗಟ್ಟಲೆ ಕೂರಬೇಕಿಲ್ಲ. ಪಾತ್ರೆ ತೊಳೆಯುವಾಗ ಪಾತ್ರೆಯನ್ನೇ ತೊಳೆಯುವುದು. 'ನಾನು ಹೊರೆ' ಎಂಬುದರ ಬದಲು 'ನಾನು ಹೊರೆ ಎಂಬ ಯೋಚನೆ ಬಂತು' ಎಂದು ನೋಡುವುದು. ಇಲ್ಲಿ ಮೂರು ಮನಸ್ಸಿನ ಮಾತು ಬರುತ್ತದೆ. ಒಂದು ಭಾವನೆಯ ಮನಸ್ಸು, ಒಂದು ಲೆಕ್ಕಾಚಾರದ ಮನಸ್ಸು, ಎರಡೂ ಸೇರಿದಲ್ಲಿ ವಿವೇಕದ ಮನಸ್ಸು. ಮತ್ತೆ ಅದೇ 'ಊ'.

ಇನ್ನೊಂದು ಪಾಠ ಭಾವನೆ ನಿಭಾಯಿಸುವುದು. ಭಾವನೆಗೆ ಸರಿಯಾದ ಹೆಸರಿಡುವುದರಿಂದ ಶುರು. 'ಬೇಜಾರು' ಎಂಬ ಒಂದೇ ಪದದಲ್ಲಿ ನಾವು ದುಃಖ, ಸಿಟ್ಟು, ಅವಮಾನ, ಒಂಟಿತನ ಎಲ್ಲವನ್ನೂ ತುಂಬಿಬಿಡುತ್ತೇವೆ, ಅಲ್ವಾ? ಆಮೇಲೆ ಆ ಭಾವನೆ ಸಂದರ್ಭಕ್ಕೆ ಹೊಂದುತ್ತದಾ ಎಂದು ನೋಡುವುದು. ಬೀದಿನಾಯಿ ಅಟ್ಟಿಸಿಕೊಂಡು ಬಂದಾಗ ಹುಟ್ಟುವ ಭಯ ಹೊಂದುತ್ತದೆ, ಜಾಗ ಬಿಡಬೇಕು. ಮದುವೆ ಮನೆಗೆ ಹೋದರೆ ಎಲ್ಲರೂ ನನ್ನನ್ನೇ ನೋಡುತ್ತಾರೆ ಎಂಬ ಭಯ ಹೊಂದುವುದಿಲ್ಲ. ಆಗ ಭಾವನೆ ಹೇಳುವುದಕ್ಕೆ ತದ್ವಿರುದ್ಧ ಮಾಡಬೇಕು: ಹೋಗುವುದು, ಮೂಲೆಯಲ್ಲಿ ನಿಲ್ಲದೆ ಪಂಕ್ತಿಯಲ್ಲಿ ಕೂತು ಊಟ ಮಾಡುವುದು. ಅರ್ಧ ಮನಸ್ಸಿನಿಂದ ಮಾಡಿದರೆ ಇದು ಕೆಲಸ ಮಾಡುವುದಿಲ್ಲ.

ಕೊನೆಯದು ಜನರ ಜೊತೆ ಹದವಾಗಿ ನಡೆದುಕೊಳ್ಳುವುದು. ಬೇಕಾದದ್ದನ್ನು ಕೇಳುವುದು, ಬೇಡವಾದದ್ದಕ್ಕೆ ಬೇಡ ಎನ್ನುವುದು, ಸಂಬಂಧ ಮುರಿಯದೆ, ತನ್ನ ಮರ್ಯಾದೆಯನ್ನೂ ಬಿಡದೆ. ಕಾವ್ಯಾ ಅಪ್ಪನಿಗೆ ಹೇಳುವ ಮಾತನ್ನು ಕ್ಲಾಸಿನಲ್ಲಿ ಹೀಗೆ ಅಭ್ಯಾಸ ಮಾಡಬಹುದು: "ಅಪ್ಪ, ಈ ವಾರ ಮೂರು ಸಲ ಫೋನಿನಲ್ಲಿ ಮದುವೆ ಮಾತು ಬಂತು. ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಬರಲ್ಲ. ಆ ಮಾತನ್ನ ಊರಿಗೆ ಬಂದಾಗ ಮಾತ್ರ ಆಡೋಣ. ಹಾಗಾದ್ರೆ ದಿನಾ ನಾನೇ ಫೋನ್ ಮಾಡ್ತೀನಿ." ಆದದ್ದೇನು, ಅನಿಸಿದ್ದೇನು, ಬೇಕಾದದ್ದೇನು, ಅದರಿಂದ ಅಪ್ಪನಿಗೇನು ಲಾಭ, ನಾಲ್ಕೂ ನಾಲ್ಕು ವಾಕ್ಯದಲ್ಲಿ ಬಂತು. ಅಪ್ಪ ವಿಷಯ ಬದಲಿಸಿದರೆ ಸಿಟ್ಟಾಗದೆ ಅದೇ ಮಾತನ್ನು ಮತ್ತೆ ಹೇಳುವುದು. ಕೂಗಾಡಿದರೆ 'ಹುಡುಗಿ ಸರಿ ಇಲ್ಲ' ಎನ್ನುತ್ತಾರೆ, ಸುಮ್ಮನಿದ್ದರೆ ಒಳಗೇ ಕುದಿಯುತ್ತದೆ. ನಡುವಿನ ದಾರಿಯನ್ನು ಶಾಲೆಯಲ್ಲಿ ಯಾರೂ ಹೇಳಿಕೊಟ್ಟಿರುವುದಿಲ್ಲ.

ಕೆಲಸ ಮಾಡುತ್ತದಾ?

ಮಾಡುತ್ತದೆ, ಎಲ್ಲರಿಗೂ ಎಲ್ಲದಕ್ಕೂ ಅಲ್ಲ. 2006ರಲ್ಲಿ ಪ್ರಕಟವಾದ ಲೈನ್‌ಹಾನ್ ತಂಡದ ಅಧ್ಯಯನದಲ್ಲಿ 101 ಮಹಿಳೆಯರಿದ್ದರು. ಕೆಲವರಿಗೆ ಡಿಬಿಟಿ, ಉಳಿದವರಿಗೆ ಇಂಥ ಕಾಯಿಲೆಯಲ್ಲಿ ಪಳಗಿದ ಬೇರೆ ಚಿಕಿತ್ಸಕರು. ಒಂದು ವರ್ಷ ಚಿಕಿತ್ಸೆ, ಮತ್ತೊಂದು ವರ್ಷ ಗಮನಿಸುವುದು. ಡಿಬಿಟಿ ಪಡೆದವರಲ್ಲಿ ಆತ್ಮಹತ್ಯೆಗೆ ಪ್ರಯತ್ನಿಸಿದವರ ಪ್ರಮಾಣ ಇನ್ನೊಂದು ಗುಂಪಿನ ಸುಮಾರು ಅರ್ಧ. ಹದಿಹರೆಯದವರಿಗೂ ಅಪ್ಪ ಅಮ್ಮಂದಿರನ್ನು ಕ್ಲಾಸಿಗೆ ಸೇರಿಸಿಕೊಳ್ಳುವ ಒಂದು ರೂಪ ಇದೆ. 2018ರಲ್ಲಿ ಬಂದ, 173 ಮಕ್ಕಳ ಅಧ್ಯಯನದಲ್ಲಿ ಆರು ತಿಂಗಳ ಚಿಕಿತ್ಸೆ ಮುಗಿಯುವ ಹೊತ್ತಿಗೆ, ಬೇರೆ ಚಿಕಿತ್ಸೆ ಪಡೆದ ಗುಂಪಿಗಿಂತ ಡಿಬಿಟಿ ಸ್ಪಷ್ಟವಾಗಿ ಮುಂದಿತ್ತು, ವರ್ಷದ ಹೊತ್ತಿಗೆ ಎರಡು ಗುಂಪಿನ ಅಂತರ ತಗ್ಗಿತ್ತು.

ಇನ್ನೊಂದು ಕಡೆಯದನ್ನೂ ಹೇಳಬೇಕು. 2009ರಲ್ಲಿ ಕೆನಡಾದಲ್ಲಿ 180 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಒಳ್ಳೆಯ ಮನೋವೈದ್ಯರ ಕ್ರಮಬದ್ಧ ಆರೈಕೆ ಮತ್ತು ಡಿಬಿಟಿ ಎರಡರಲ್ಲೂ ಜನ ಸುಧಾರಿಸಿದರು, ಹೆಚ್ಚು ಕಡಿಮೆ ಸಮ ಸಮ. ಆಸ್ಟ್ರೇಲಿಯಾದ ಶಾಲೆಗಳಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಸೇರಿಸಿಕೊಂಡು, ಕಾಯಿಲೆ ಇರಲಿ ಇಲ್ಲದಿರಲಿ ಡಿಬಿಟಿ ಪಾಠಗಳನ್ನು ಎಂಟು ವಾರ ಹೇಳಿಕೊಟ್ಟು ನೋಡಿದರು. ಲಾಭ ಆಗಲಿಲ್ಲ, ಅಪ್ಪ ಅಮ್ಮನ ಜೊತೆಗಿನ ಸಂಬಂಧ ಸ್ವಲ್ಪ ಹದಗೆಟ್ಟಿತು. ಜ್ವರ ಇಲ್ಲದವರಿಗೆ ಜ್ವರದ ಔಷಧಿ ಕೊಟ್ಟ ಹಾಗೆ. ಬಾರ್ಡರ್‌ಲೈನ್ ತೊಂದರೆಗೆಂದೇ ಅಮೆರಿಕದ ಔಷಧ ಇಲಾಖೆ ಒಪ್ಪಿದ ಮಾತ್ರೆ ಒಂದೂ ಇಲ್ಲ. ಜೊತೆಗಿರುವ ಖಿನ್ನತೆ, ನಿದ್ದೆಗೇಡಿಗೆ ಮಾತ್ರೆ ಕೊಡುತ್ತಾರೆ. ಹಾಗಾಗಿ ಮಾತಿನ ಚಿಕಿತ್ಸೆಗೆ ಇಷ್ಟು ತೂಕ. ಚಿಕಿತ್ಸೆ ಶುರುವಾಯಿತು ಎಂದು ನಡೆಯುತ್ತಿರುವ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ನಮ್ಮಲ್ಲಿ ಹುಡುಕುವಾಗ

ವಾರಕ್ಕೆ ಎರಡು ಸಲ, ಒಂದು ವರ್ಷ ಎಂಬುದು ನಮ್ಮಲ್ಲಿ ದುಡ್ಡಿಗೂ ಸಮಯಕ್ಕೂ ಭಾರ. ಊರಿನಿಂದ ಬೆಂಗಳೂರಿಗೆ ಓಡಾಡುವವರಿಗಂತೂ ಕೇಳುವುದೇ ಬೇಡ. ಹೆಸರಿಗೆ ಡಿಬಿಟಿ ಎಂದು ಬೋರ್ಡ್ ಹಾಕಿ, ಒಂದೆರಡು ಉಸಿರಾಟದ ಅಭ್ಯಾಸ ಹೇಳಿಕೊಡುವವರೂ ಇದ್ದಾರೆ. ಹಾಗಾಗಿ ಮೊದಲ ದಿನವೇ ನೇರವಾಗಿ ಕೇಳಿ: ನೀವು ಕ್ಲಿನಿಕಲ್ ಸೈಕಾಲಜಿಸ್ಟಾ, ಡಿಬಿಟಿ ತರಬೇತಿ ಎಲ್ಲಿ ಪಡೆದಿರಿ, ಗುಂಪಿನ ಕ್ಲಾಸು ಇದೆಯಾ, ರಾತ್ರಿ ಕಷ್ಟ ಬಂದರೆ ಫೋನ್ ಎತ್ತುತ್ತೀರಾ, ಡೈರಿ ಕಾರ್ಡ್ ಕೊಡುತ್ತೀರಾ? ನಾಲ್ಕೂ ಭಾಗ ಇಲ್ಲದಿದ್ದರೆ ಪ್ರಯೋಜನವೇ ಇಲ್ಲ ಎಂದಲ್ಲ. ಏನಿದೆ ಏನಿಲ್ಲ ಎಂಬುದು ಮೊದಲೇ ಗೊತ್ತಿರಲಿ. ಕನ್ನಡದಲ್ಲಿ ಮಾತಾಡುವವರು ಬೇಕೆಂದು ಕೇಳಲು ಸಂಕೋಚ ಬೇಡ. ಎದೆಯೊಳಗಿನ ಮಾತನ್ನು ಅನುವಾದ ಮಾಡಿಕೊಂಡು ಹೇಳುವುದು ಯಾರಿಗೂ ಸುಲಭ ಅಲ್ಲ.

ಎಲ್ಲಿಂದ ಶುರು ಮಾಡುವುದೆಂದು ತಿಳಿಯದಿದ್ದರೆ, ಅಥವಾ ಈಗಲೇ ಬದುಕು ಸಾಕೆನಿಸುತ್ತಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ: 14416. ದುಡ್ಡಿಲ್ಲ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲಿ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಯ ಹಿಂದೆ ಬೆಂಗಳೂರಿನ ನಿಮ್ಹಾನ್ಸ್ ಇದೆ. "ಆಸ್ಪತ್ರೆಗೆ ಹೋದ್ರೆ ಪೊಲೀಸ್ ಕೇಸ್ ಆಗುತ್ತೆ" ಎಂದು ಹೆದರಿ ಮುಚ್ಚಿಡುವವರು ಇನ್ನೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕೆಲಸ.

ಆಂಟಿ ಇದನ್ನೆಲ್ಲ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾನು ಅವಳಿಗೆ ನಾಟಕ ಅಂತ ಅಂದಿದ್ದೀನಿ, ತುಂಬ ಸಲ" ಎಂದರು. ಮನೆಯವರು ಮಾಡಬಹುದಾದದ್ದನ್ನೂ ಹೇಳಿದೆ. ಮಗಳ ಮಾತಿಗೆ ಒಪ್ಪಬೇಕಿಲ್ಲ, ಅವಳಿಗೆ ಹಾಗನಿಸಿದ್ದು ನಿಜ ಎಂದಷ್ಟು ಒಪ್ಪಿದರೆ ಸಾಕು. "ನಿನಗೆ ತುಂಬ ನೋವಾಗಿರೋದೂ ಹೌದು, ತಟ್ಟೆ ಎಸೆಯೋದು ನನಗೆ ಆಗದೇ ಇರೋದೂ ಹೌದು."

ಮೂರು ವಾರ ಆದ ಮೇಲೆ ಗೇಟಿನ ಹತ್ತಿರ ಮತ್ತೆ ಸಿಕ್ಕರು. ಈ ಸಲ ಕೈಯಲ್ಲಿ ಬೇರೆ ಹಾಳೆ, ಅಡ್ಡಕ್ಕೆ ಏಳು ಮನೆ, ಎಲ್ಲ ಖಾಲಿ. "ವಾರಕ್ಕೊಂದು ಬೇಕಂತೆ. ಸ್ಟೇಷನರಿ ಅಂಗಡಿಯವನು ಒಂದು ಜೆರಾಕ್ಸ್‌ಗೆ ಎಷ್ಟು ತಗೋತಾನೆ?" ಅಂತ ಕೇಳಿದರು.